ತಿಮ್ಮಯ್ಯನ ಕೊಳಕ್ಕೆ ಕರಿ ಹೊದಿಕೆ

ಗುತ್ತಲಿನ ಕಂತ್ರಾಟುದಾರ ತಿಮ್ಮಯ್ಯ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದಾಗ ಬೀದಿಯ ಬಾವಿಯನ್ನೂ ತನ್ನ ಕಾಂಪೌಂಡಿಗೆ ಸೇರಿಸಿಕೊಂಡು ಬೀಗ ಜಡಿಸಿಬಿಟ್ಟ. ಹೆಂಗಸರು ನೀರಿಗೆ ನಾಲೆಯವರೆಗೆ ನಡೆಯಬೇಕಾಯಿತು. ತುಂಬು ಬಸುರಿ ನಜ್ಮುನ್ನೀಸಾ ನಾಲೆಯ ಏರಿಯ ಮೇಲೆ ಜಾರಿ ಬಿದ್ದಳು. ಮಗು ಉಳಿಯಲಿಲ್ಲ. ಅವಳ ಅಕ್ಕ ಹಬೀಬುನ್ನೀಸಾ ಅಂದು ಅಳಲಿಲ್ಲ. ಹಲ್ಲು ಕಚ್ಚಿಕೊಂಡು ಕೂತಳು.

ಗಂಡ ತೀರಿಕೊಂಡ ಮೇಲೆ ಡೇರೆ, ಟಾರ್ಪಾಲು ಹೊಲಿಯುವ ಅಂಗಡಿಯನ್ನು ಹಬೀಬುನ್ನೀಸಾಳೇ ನಡೆಸುತ್ತಿದ್ದಳು. ನಲವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ತಿಮ್ಮಯ್ಯ ಅಲ್ಲಿಗೇ ಬಂದ.

“ಕೊಳದ ತುಂಬ ಒಂಗೆ ಎಲೆ ಬೀಳ್ತದೆ ಕಣಮ್ಮ. ಬೆಳಿಗ್ಗೆ ಇಳಿದ್ರೆ ನೀರು ಕೊರೀತದೆ, ಮಂಡಿ ಇಡ್ಕತದೆ. ಮುಚ್ಚಾಕೆ ಯಾವ ಬಟ್ಟೆ ಆಯ್ತದೆ ನೋಡೇಳು. ಭಾನುವಾರ ಅಮಲ್ದಾರ್ರು ಈಜಾಕೆ ಬತ್ತಾವ್ರೆ.”

ಅವಳು ಎರಡು ಬೋಗುಣಿಗಳಲ್ಲಿ ನೀರು ತುಂಬಿ ಬಿಸಿಲಿಗಿಟ್ಟಳು. ಒಂದಕ್ಕೆ ಬಿಳಿ ಕ್ಯಾನ್ವಾಸು, ಇನ್ನೊಂದಕ್ಕೆ ಡಾಂಬರು ಬಳಿದು ಒಣಗಿಸಿದ ಕರಿ ಟಾರ್ಪಾಲು ಹೊದಿಸಿದಳು. ಮಧ್ಯಾಹ್ನ ತಿಮ್ಮಯ್ಯ ಎರಡರಲ್ಲೂ ಕೈ ಅದ್ದಿ ನೋಡಿದ. ಕರಿಯದರ ಕೆಳಗಿನ ನೀರು ಹದವಾಗಿ ಬೆಚ್ಚಗಿತ್ತು.

“ಇದೇ ಆಗ್ಲಿ!”

“ಡಾಂಬರು ಒಣಗಾಕೆ ಹದಿನೈದು ದಿನ ಬೇಕು, ತಿಮ್ಮಯ್ಯನೋರೆ.”

“ಅದೆಲ್ಲ ಬುಡು. ಭಾನುವಾರಕ್ಕೆ ಬೇಕು ಅಂದ್ರೆ ಬೇಕು.”

ಅವಳು ಒಪ್ಪಿಕೊಂಡಳು. ಭಾನುವಾರಕ್ಕೆ ಉಳಿದಿದ್ದ ನಾಲ್ಕು ದಿನ ಊಟ ನಿದ್ದೆ ಮರೆತು ಹೊಲಿದಳು. ಬಳಿಯುವಾಗ ನೀರಿಗೆ ತಾಗುವ ಮಗ್ಗುಲಿಗೆ ಡಾಂಬರನ್ನು ಬೇಕೆಂದೇ ದಪ್ಪಗೆ ಮೆತ್ತಿದಳು. ಕುಂಚ ಎಳೆದಷ್ಟೂ ಅವಳ ಎದೆ ಹಗುರಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ತಾನೇ ಹೋಗಿ ಕೊಳಕ್ಕೆ ಹೊದಿಸಿದಳು. ಸಂಜೆಯವರೆಗೂ ಅಲ್ಲೇ ಉಳಿದು ತಾನೇ ಅದನ್ನು ಸುರುಳಿ ಸುತ್ತಿ ತೆಗೆದಳು. ಬಿಸಿಲಿಗೆ ಡಾಂಬರು ಕರಗಿ ನೀರಿನ ಮೇಲೆ ಪದರವಾಗಿ ಹರಡಿತ್ತು. ಮಬ್ಬು ಬೆಳಕಿನಲ್ಲಿ ಅದನ್ನು ಗಮನಿಸದೆ, ಅಮಲ್ದಾರರ ಮುಂದೆ ತನ್ನ ಠೀವಿ ತೋರಿಸಲು ತಿಮ್ಮಯ್ಯ ಮೊದಲು ಧುಮುಕಿದ. ಮೇಲೆದ್ದಾಗ ಮೀಸೆಯಿಂದ ಹೊಟ್ಟೆಯವರೆಗೆ ಕಪ್ಪು ಮೆತ್ತಿಕೊಂಡಿತ್ತು. ಬಂದವರು ನಗು ತಡೆಯಲಾರದೆ ಮುಖ ತಿರುಗಿಸಿದರು.

“ಬೇಕೂಂತ್ಲೇ ಮಾಡಿದ್ದೀಯಾ ನೀನು!” ಎಂದು ತಿಮ್ಮಯ್ಯ ಅಬ್ಬರಿಸಿದ.

“ಊಂ, ಬೇಕೂಂತ್ಲೇ ಮಾಡ್ದೆ,” ಎಂದಳು ಹಬೀಬುನ್ನೀಸಾ. “ಬೀದಿ ಬಾವಿಗೆ ಬೀಗ ಹಾಕಿದ್ದು ನೀವು. ನಾಲೆಗೆ ಓಗಿ ನನ್ನ ತಂಗಿ ಮಗು ಕಳ್ಕೊಂಡ್ಲು. ನಿಮಗಂಟಿದ್ದು ತಿಕ್ಕಿದ್ರೆ ಓಯ್ತದೆ.”

ಅಮಲ್ದಾರರ ಮುಖದ ನಗು ಆರಿತು. “ಯಾವ ಬಾವಿ?” ಎಂದು ಕೇಳಿದರು. ಹಬೀಬುನ್ನೀಸಾ ಕಾಂಪೌಂಡಿನ ಮೂಲೆಯತ್ತ ಕೈ ತೋರಿಸಿದಳು.

ವಾರದೊಳಗೆ ಅಮಲ್ದಾರರ ಹುಕುಮಿನಂತೆ ಬಾವಿಯ ಬೀಗ ಒಡೆಯಲಾಯಿತು, ಸುತ್ತಲಿನ ಗೋಡೆಯೂ ಉರುಳಿತು. ನಜ್ಮುನ್ನೀಸಾ ಮಾತ್ರ ಆ ಬಾವಿಯ ಹತ್ತಿರ ಸುಳಿಯಲಿಲ್ಲ. “ಅವನ ಮುಖ ನೋಡ್ಬೇಕಿತ್ತು ನೀನು,” ಎಂದು ಅಕ್ಕ ಹಿಗ್ಗಿನಿಂದ ಹೇಳಿದಾಗ ಗೋಡೆ ಕಡೆ ತಿರುಗಿ ಮಲಗಿದಳು.

ಕೊಳ ತೊಳೆಯುವ ಕೆಲಸ ಕೂಲಿಯ ಮಾಯಮ್ಮನ ಪಾಲಿಗೆ ಬಂದಿತ್ತು. ಸೀಮೆಎಣ್ಣೆಯಲ್ಲಿ ತಿಕ್ಕಿ ತಿಕ್ಕಿ ಅವಳ ಅಂಗೈ ಸುಲಿದಿದೆಯೆಂದು ತಿಳಿದ ದಿನ ಹಬೀಬುನ್ನೀಸಾ ತಾನೂ ತಿಕ್ಕಲು ಗಡಸು ಕುಂಚ ಹಿಡಿದು ಬರಿದಾದ ಕೊಳಕ್ಕೆ ಇಳಿದಳು. ಜಗಲಿಯ ಮೇಲಿದ್ದ ತಿಮ್ಮಯ್ಯನನ್ನು ದಿಟ್ಟಿಸಿ ನೋಡಿದಳು. ಅವನೇ ಕಣ್ಣು ತಪ್ಪಿಸಿದ. ಮಾಯಮ್ಮ “ನಿಂಗ್ಯಾಕವ್ವ ಇದು?” ಎಂದು ಕೇಳಿದಾಗ ಮಾತ್ರ ಹಬೀಬುನ್ನೀಸಾಳಿಗೆ ತಲೆ ಎತ್ತಲಾಗಲಿಲ್ಲ.