ಒಂದೂಕಾಲು ಗಂಟೆಯ ದಾರಿ

ಹುಡುಗನ ಊರು ಎಷ್ಟು ದೂರ ಎಂದು ನಾನು ಕೇಳಿದ್ದೆ. ಸಂಬಂಧ ತಂದಿದ್ದ ರೇವಣ್ಣ ತಡವರಿಸದೆ, "ಒಂದೂಕಾಲು ಗಂಟೆ ದಾರಿ, ರುದ್ರಮ್ಮಕ್ಕ" ಎಂದಿದ್ದ. ನಮ್ಮ ಕೊಡ್ಲಿಪೇಟೆಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಹೇಳುವವರು ಕಡಿಮೆ. ಹಾಸನದ ಆಸುಪಾಸು ಇರಬೇಕು ಎಂದುಕೊಂಡು, ಮೊಮ್ಮಗಳು ಭವ್ಯಶ್ರೀಯನ್ನು ನೋಡಲು ಬರಲಿ ಎಂದೆ.

ಬೆಳಿಗ್ಗೆ ಹೋಗಿ ಸಂಜೆಗೆ ಹಿಂದಿರುಗುವಷ್ಟು ಹತ್ತಿರಕ್ಕೇ ಅವಳನ್ನು ಕೊಡಬೇಕೆಂದು ನಾನು ಹಟ ಹಿಡಿದಿದ್ದೆ. ನನ್ನ ತಂಗಿಯನ್ನು ಸಕಲೇಶಪುರದಾಚೆ ಬಸ್ಸಿಲ್ಲದ ಊರಿಗೆ ಕೊಟ್ಟಿದ್ದೆವು. ಅವಳಿಗೆ ಕಾಯಿಲೆ ಎಂಬ ಕಾಗದ ಬಂದು, ನಾನು ಹೊರಟು ತಲುಪುವಷ್ಟರಲ್ಲಿ ಮಣ್ಣು ಮಾಡಿ ಎರಡು ದಿನವಾಗಿತ್ತು. ಹಾಗಾಗಿ ಮಗ, ಸೊಸೆ ಇಬ್ಬರೂ ಈ ವಿಷಯದಲ್ಲಿ ನನ್ನ ಮಾತು ಮೀರುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಒಂದೂವರೆಗೆ ಹುಡುಗ ಚೇತನ್‌ಕುಮಾರ್ ತಾಯಿಯ ಜೊತೆ ಬಂದ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವನದು. ತಾಯಿಯ ಮುಖ ಬಾಡಿತ್ತು. ನೀರು ಕೊಟ್ಟು, "ಎಷ್ಟೊತ್ತಿಗೆ ಮನೆ ಬಿಟ್ರಿ?" ಎಂದು ಕೇಳಿದೆ.

"ಬೆಳಗಿನ ಜಾವ ಮೂರಕ್ಕೆ, ಅಜ್ಜಿ" ಎಂದ ಹುಡುಗ.

"ಒಂದೂಕಾಲು ಗಂಟೆ ದಾರಿಗಾ? ನಡ್ಕೊಂಡು ಬಂದ್ರಾ?"

"ಹೈದರಾಬಾದಿಂದ ಬಂದ್ವಿ."

ಬಾಯಿಗೆ ಹೋಗುತ್ತಿದ್ದ ಚಕ್ಕುಲಿಯನ್ನು ರೇವಣ್ಣ ತಟ್ಟೆಗೇ ಇಟ್ಟ. "ವಿಮಾನದಲ್ಲಿ ಒಂದೂಕಾಲು ಗಂಟೆನೇ ಕಣಕ್ಕ. ನಾನೇನು ಸುಳ್ಳು ಹೇಳಿದ್ನಾ?"

"ವಿಮಾನ ನಮ್ಮ ಕಾಫಿ ಕಣಕ್ಕೆ ಬಂದು ಇಳಿಯುತ್ತೇನೋ?"

ಹುಡುಗನ ತಾಯಿ ಮಾತ್ರ ನಕ್ಕರು. ಬಾಗಿಲಲ್ಲಿ ನಿಂತಿದ್ದ ಭವ್ಯಶ್ರೀಯ ಕಡೆ ತಿರುಗಿದೆ.

"ನಿಂಗೆ ಗೊತ್ತಿತ್ತೇನೇ?"

"ಗೊತ್ತಿತ್ತು ಅಜ್ಜಿ. ಫೋನಲ್ಲಿ ಮಾತಾಡಿದೀವಿ. ಹೇಳಿದ್ರೆ ನೀನು ಇವರನ್ನ ಹೊಸಿಲು ಹತ್ತೋಕೆ ಬಿಡ್ತಿರಲಿಲ್ಲ."

"ಒಪ್ಪಿಗೆನಾ?"

"ಹೂಂ" ಎಂದಳು, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ನನ್ನನ್ನೇ ನೋಡುತ್ತಾ ನಿಂತಳು.

ರೇವಣ್ಣನಿಗೆ ಧೈರ್ಯ ಬಂತು. "ಇನ್ನೇನಕ್ಕ, ಏನಾದ್ರೂ ಅಂದ್ರೆ ಎರಡೇ ಗಂಟೇಲಿ ಇಲ್ಲಿರ್ತಾರೆ."

"ಆಗಲ್ಲ, ರೇವಣ್ಣನೋರೆ" ಎಂದ ಚೇತನ್. ನನ್ನ ಎದುರಿಗೆ ಕುಳಿತು ಬೆರಳು ಮಡಿಸತೊಡಗಿದ. "ಮನೆಯಿಂದ ವಿಮಾನ ನಿಲ್ದಾಣಕ್ಕೆ ಒಂದು ಗಂಟೆ, ಅಜ್ಜಿ. ಅಲ್ಲಿ ಕಾಯೋದು ಎರಡೂಕಾಲು. ಹಾರೋದು ಒಂದೂಕಾಲು. ಇಳಿದು ಹೊರಗೆ ಬರೋಕೆ ಅರ್ಧ. ಬೆಂಗಳೂರಿಂದ ಇಲ್ಲಿಗೆ ಕಾರಲ್ಲಿ ಐದೂವರೆ. ರಾತ್ರಿ ನೀವು ಫೋನ್ ಮಾಡಿದ್ರೆ ಮಾರನೇ ದಿನ ಮಧ್ಯಾಹ್ನಕ್ಕೆ ಭವ್ಯಶ್ರೀ ಇಲ್ಲಿರ್ತಾರೆ. ಅದಕ್ಕಿಂತ ಬೇಗ ಆಗುತ್ತೆ ಅಂತ ನಾನು ಹೇಳಲ್ಲ."

ಮನಸ್ಸಿನಲ್ಲೇ ಕೂಡಿಸಿದೆ. ಹತ್ತೂವರೆ ಗಂಟೆ. ನಾನು ಹಟ ಹಿಡಿದದ್ದಕ್ಕಿಂತ ಬಹಳ ಹೆಚ್ಚೇ. ಆದರೂ ರೇವಣ್ಣನ ಒಂದೂಕಾಲು ಗಂಟೆ ಹುಟ್ಟಿಸಿದಷ್ಟು ದಿಗಿಲನ್ನು ಇದು ಹುಟ್ಟಿಸಲಿಲ್ಲ. ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ಹಿಡಿಯುತ್ತದೆಂದು ಗೊತ್ತಿರುವ ದಾರಿ ಇದು. ತನಗೆ ಆಗದ್ದನ್ನು ಆಗುವುದಿಲ್ಲ ಎಂದು ಹೆಣ್ಣು ನೋಡಲು ಬಂದ ದಿನವೇ ಹೇಳುವ ಹುಡುಗ, ಮುಂದೆ ಇವಳಿಗೆ ಜ್ವರ ಬಂದರೂ ನನ್ನಿಂದ ಮುಚ್ಚಿಡಲಾರ.

"ಸರಿ. ಮುಂದಿನ ಸೋಮವಾರ ನಿಮ್ಮ ಮನೆ ನೋಡೋಕೆ ಬರ್ತೀವಿ" ಎಂದೆ. "ನಾನೂ ಬರ್ತೀನಿ."

ಮಗ ಗಾಬರಿಯಾದ. "ಅವ್ವಾ, ಅಷ್ಟು ದೂರ ನಿನ್ನ ಕೈಲಿ ಆಗುತ್ತಾ?"

"ಒಂದ್ಸಲ ನೀನು ಕರ್ಕೊಂಡು ಹೋಗಿ ದಾರಿ ತೋರಿಸು. ಆಮೇಲೆ ಇವಳು ಕರೆದಾಗೆಲ್ಲ ನಾನು ಒಬ್ಬಳೇ ಹೋಗಬೇಕಲ್ಲ."