ಎಂಟು ನಿಮಿಷದ ಕಾದಂಬರಿ

“ಕಾರೆಲ್ಲ ಹಿಂದಕ್ಕೆ! ಮೊದಲು ಇವರು ಹತ್ತಲಿ!” ಎಂದು ಕೂಗುತ್ತ ಆಶೂರ್ ಕಾಲುವೆ ದಾಟಿಸುವ ಫೆರಿಯ ಬಾಯಿಗೆ ಅಡ್ಡ ನಿಂತು ಎರಡೂ ಕೈ ಚಾಚಿದ. ಇಪ್ಪತ್ತು ವರ್ಷದಿಂದ ಅದೇ ಫೆರಿಯಲ್ಲಿ ಬಾಚಣಿಗೆ ಮಾರುವವನು. ಇವತ್ತು ಅವನ ಕೈಯಲ್ಲಿ ಸಾಮಾನಿರಲಿಲ್ಲ. ಟ್ಯಾಕ್ಸಿಯವನೊಬ್ಬ ಹಾರನ್ ಒತ್ತಿದ.

“ಒತ್ತಯ್ಯಾ, ಇನ್ನೂ ಒತ್ತು. ಅವರಿಗೇನೂ ಎಚ್ಚರ ಆಗಲ್ಲ. ನಿಂಗಷ್ಟು ಅರ್ಜೆಂಟಿದ್ರೆ ಈಜ್ಕೊಂಡು ಹೋಗು!”

ಆರು ಜನರ ಹೆಗಲ ಮೇಲೆ ಬದೀರ್‌ನ ಶವಪೆಟ್ಟಿಗೆ ಸಣ್ಣಗೆ ಓಲಾಡುತ್ತ ಫೆರಿ ಹತ್ತಿತು. ಬದೀರ್ ಬದುಕಿದ್ದು ಪೋರ್ಟ್ ಫುಆದ್‌ನಲ್ಲಿ. ಮನೆತನದ ಸಮಾಧಿ ಇದ್ದದ್ದು ಕಾಲುವೆಯ ಆಚೆ ದಡದ ಪೋರ್ಟ್ ಸಯೀದ್‌ನಲ್ಲಿ. ಹೆಂಡತಿ ಇನ್ಶಿರಾಹ್ ಹೆಂಗಸರೊಂದಿಗೆ ಮನೆಯಲ್ಲೇ ಉಳಿದಿದ್ದಳು. ಮಗಳು ರಬಾಬ್ ಮಾತ್ರ, ಆಚೆ ದಡದವರೆಗಾದರೂ ಬರುತ್ತೇನೆಂದು ಹಟ ಹಿಡಿದು ಪೆಟ್ಟಿಗೆಯ ಹಿಂದೆ ಬಂದಿದ್ದಳು.

ಫೆರಿ ದಡ ಬಿಟ್ಟಿತು. ದಾದಿಯ ಉಡುಪಿನ ಹೆಂಗಸೊಬ್ಬಳು ಆಶೂರ್‌ನ ತೋಳು ಮುಟ್ಟಿ ಪಿಸುಗುಟ್ಟಿದಳು. “ಯಾರು ಹೋಗಿದ್ದು?”

“ಪುಸ್ತಕದ ಉಸ್ತಾದ್.”

“ಅಯ್ಯೋ ದೇವರೇ.” ಅವಳು ಕೈಚೀಲವನ್ನು ಎದೆಗೊತ್ತಿಕೊಂಡಳು. “ನಾನಿನ್ನೂ ನೂರಾ ಹನ್ನೆರಡನೇ ಪುಟದಲ್ಲೇ ಇದ್ದೀನಿ. ಎದುರಾದಾಗೆಲ್ಲ ಎಲ್ಲಿಗೆ ಬಂತು ಅಂತ ಕೇಳೋರು. ಮೊನ್ನೆ ಅವರನ್ನ ನೋಡಿ ಆ ಕಡೆ ಮೆಟ್ಟಿಲಿಂದ ಇಳಿದು ತಪ್ಪಿಸ್ಕೊಂಡೆ.” ರಬಾಬ್‌ಳ ಕಡೆ ತಿರುಗಿದಳು. “ಮಗಳಾ ನೀವು? ಅವರ ಉಳಿದ ಆಯಸ್ಸು ನಿಮಗೆ ಸೇರಲಿ. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕತೇಲಿ ಆ ಅಜ್ಜಿ ಲಾರಿಯಿಂದ ಇಳಿದು ಬೀಗದ ಕೈ ಹಿಡ್ಕೊಂಡು ಮನೆಗೆ ವಾಪಸ್ ಹೋಗ್ತಾಳಲ್ಲ, ಅವಳು ಬದುಕ್ತಾಳಾ?”

ರಬಾಬ್‌ಗೆ ಯಾವ ಅಜ್ಜಿ ಎಂದೇ ಗೊತ್ತಿರಲಿಲ್ಲ.

“ಓದಿ. ಗೊತ್ತಾಗತ್ತೆ,” ಎಂದಳು.

ಆಡಿದ ಮೇಲೆ ಅವಳಿಗೆ ಮುಖ ಬಿಸಿಯಾಯಿತು. ಅಪ್ಪ ಪುಸ್ತಕ ಕೈಗಿಡುವಾಗ ಎಲ್ಲರಿಗೂ ಹೇಳುತ್ತಿದ್ದದ್ದು ಅದನ್ನೇ.

* * *

ಬದೀರ್ ಬಂದರಿನ ಗೋದಾಮಿನಲ್ಲಿ ಗುಮಾಸ್ತನಾಗಿದ್ದ. ನಿವೃತ್ತಿಯಾದ ಮೇಲೆ ಮೂರು ವರ್ಷ ಕೂತು ಒಂದೇ ಒಂದು ಕಾದಂಬರಿ ಬರೆದ. ಯುದ್ಧದ ಕಾಲದಲ್ಲಿ ಊರು ಖಾಲಿ ಮಾಡಿಸಿದಾಗ ಅವನು ಹನ್ನೊಂದರ ಹುಡುಗ. ಹುಟ್ಟಿದ ಗಲ್ಲಿಯ ಇಪ್ಪತ್ತೆರಡು ಮನೆಗಳು ಒಂದೊಂದಾಗಿ ಲಾರಿ ಹತ್ತಿ ಹೋದದ್ದೇ ಕತೆ. ಹೆಸರು ‘ಕೊನೆಯ ಲಾರಿ’. ಐನೂರು ಪ್ರತಿ ಮನೆಗೆ ಬಂದು ಬಿದ್ದಾಗ ಪ್ರಕಾಶಕ ಫೋನಿನಲ್ಲಿ, “ಅಚ್ಚು ಹಾಕೋದು ನಮ್ಮ ಕೆಲಸ. ಓದೋರನ್ನ ಹುಡುಕೋದು ನಿಮ್ಮ ಕೆಲಸ,” ಎಂದ.

ಬದೀರ್ ಇಸ್ತ್ರಿ ಮಾಡಿದ ಸೂಟು ಹಾಕಿಕೊಂಡು ಊರಿನ ಕ್ಲಬ್ಬೊಂದರಲ್ಲಿ ಬಿಡುಗಡೆ ಇಟ್ಟುಕೊಂಡ. ನಾಲ್ಕು ಜನ ಬಂದರು. ಅವರಲ್ಲಿ ಇಬ್ಬರು ಎ.ಸಿ.ಯ ಕೆಳಗೆ ನಿದ್ದೆಹೋದರು. ಅದಾದ ಮೇಲೆ ಕಾಫಿ ಅಂಗಡಿಗಳಿಗೆ ಹೋದ. ಜನ ಪುಸ್ತಕ ಮಗುಚಿ ನೋಡಿ, ಮಾಷಾ ಅಲ್ಲಾಹ್ ಎಂದು ವಾಪಸ್ ಕೊಟ್ಟು ಪಗಡೆಗೆ ತಿರುಗಿದರು. ಕೊನೆಗೆ ಪುಸ್ತಕದ ಚೀಲ ಹೊತ್ತು ಫೆರಿ ಹತ್ತಿದ. “ಹೊಸ ಕಾದಂಬರಿ! ಅಪೂರ್ವ ಕೃತಿ! ಬರೆದವನೇ ನಿಮ್ಮ ಮುಂದೆ!” ಎಂದು ಕೂಗಿದ. ಮೂರು ದಿನದಲ್ಲಿ ಒಂದೂ ಹೋಗಲಿಲ್ಲ.

ಮೂರನೇ ದಿನ ಆಶೂರ್ ಹತ್ತಿರ ಬಂದ.

“ಉಸ್ತಾದ್, ನೀವು ಸಾಮಾನು ಹೊಗಳ್ತಾ ಇದ್ದೀರಿ. ನಾನು ಯಾವತ್ತಾದ್ರೂ ಬಾಚಣಿಗೆ ಹೊಗಳಿದ್ದು ಕೇಳಿದ್ದೀರಾ?”

“ಇಲ್ಲ.”

“ತಲೆ ಬಾಚ್ಕೊಂಡು ತೋರಿಸ್ತೀನಿ, ಅಷ್ಟೇ.” ಬಾಚಣಿಗೆಯನ್ನು ಕೂದಲಲ್ಲಿ ಎಳೆದು ತೋರಿಸಿದ. “ನೀವೂ ಬಾಚಿ ತೋರಿಸಿ.”

ಮರುದಿನ ಬೆಳಿಗ್ಗೆ ಬದೀರ್ ಕಂಬಿಗೆ ಒರಗಿ ನಿಂತು, ಯಾರನ್ನೂ ಕರೆಯದೆ, ಗಟ್ಟಿಯಾಗಿ ಓದಲು ಶುರುಮಾಡಿದ. ದಾಟಲು ಎಂಟು ನಿಮಿಷ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿದ್ದ. ಲಾರಿಯಿಂದ ಇಳಿದ ಅಜ್ಜಿ ಬೀಗದ ಕೈ ತಿರುಗಿಸುವ ಹೊತ್ತಿಗೆ ಫೆರಿ ದಡಕ್ಕೆ ತಾಗಬೇಕು. ತಾಗಿತು. ಅವನು ಪುಸ್ತಕ ಮುಚ್ಚಿದ.

“ಏನಾಯ್ತು? ಬಾಗಿಲು ತೆಗೀತಾ?” ಎಂದು ಮೀನಿನ ಬುಟ್ಟಿ ಹೊತ್ತವಳೊಬ್ಬಳು ರೇಗಿದಳು.

ಅವತ್ತು ಒಂಬತ್ತು ಪ್ರತಿ ಹೋದವು.

* * *

“ನನ್ನ ಜೊತೆ ಪಾಠ ಮಾಡೋ ಟೀಚರೆಲ್ಲ ಅದೇ ಫೆರಿಲಿ ಬರ್ತಾರಪ್ಪ,” ಎಂದಿದ್ದಳು ರಬಾಬ್. ಎರಡು ವರ್ಷದ ಹಿಂದಿನ ಮಾತು. ಅಡುಗೆಮನೆಯಲ್ಲಿ ಇನ್ಶಿರಾಹ್ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು. “ನಿನ್ನೆ ಒಬ್ಬಳು ಕೇಳ್ತಾಳೆ, ನಿಮ್ಮಪ್ಪಂಗೆ ಪೆನ್ಷನ್ ಬರಲ್ವಾ ಅಂತ. ನೀನು ಬೇಡೋಕೆ ನಿಂತಿದ್ದೀಯ ಅಂತ ಜನ ಅಂದ್ಕೋತಾರೆ.”

“ಬೇಡೋದೇ ಮಗಳೇ,” ಎಂದ ಬದೀರ್ ನಿಧಾನವಾಗಿ. “ಎಂಟು ನಿಮಿಷ ಕಿವಿ ಕೊಡಿ ಅಂತ ಬೇಡ್ತೀನಿ.”

“ಹೆಸರು ಬೇಕಾ ನಿಂಗೆ? ಈ ವಯಸ್ಸಲ್ಲಿ?”

“ಗಲ್ಲಿಯೋರು ಯಾರಾದ್ರೂ ಒಬ್ಬರು ಓದ್ಬೇಕು. ಯಾರು ಎಲ್ಲಿದ್ದಾರೋ ನಂಗೊತ್ತಿಲ್ಲ. ವಾಪಸ್ ಬಂದಾಗ ನಮ್ಮ ಮನೆ ಬಿಟ್ರೆ ಇನ್ನೊಂದು ಬಾಗಿಲೂ ತೆಗೀಲಿಲ್ಲ. ಪುಸ್ತಕ ಕೈಯಿಂದ ಕೈಗೆ ಹೋಗತ್ತಲ್ಲ, ಎಲ್ಲೋ ಒಂದು ಕಡೆ ತಲುಪತ್ತೆ ಅಂತ.”

ರಬಾಬ್ ಮಾರನೆಯ ದಿನದಿಂದ ಫೆರಿಯ ಕೆಳಗಿನ ಅಂತಸ್ತಿನಲ್ಲಿ, ಕಾರುಗಳ ನಡುವೆ ನಿಂತು ದಾಟತೊಡಗಿದಳು. ಎಂಜಿನ್ನಿನ ಸದ್ದಿನಲ್ಲಿ ಅಲ್ಲಿಗೆ ಅಪ್ಪನ ದನಿ ಕೇಳುತ್ತಿರಲಿಲ್ಲ. ಅವಳಿಗೂ ಅವನು ಒಂದು ಪ್ರತಿ ಕೊಟ್ಟಿದ್ದ. ಅದು ಬೀರುವಿನಲ್ಲಿ ಹಾಗೇ ಇತ್ತು. ಕಂಡಕಂಡವರನ್ನೆಲ್ಲ ಎಷ್ಟನೇ ಪುಟಕ್ಕೆ ಬಂದಿರಿ ಎಂದು ಕೇಳುತ್ತಿದ್ದ ಬದೀರ್, ಮಗಳನ್ನು ಮಾತ್ರ ಒಂದು ದಿನವೂ ಕೇಳಲಿಲ್ಲ.

* * *

ಮಣ್ಣು ಮಾಡಿ ಗಂಡಸರು ಮರಳಿದಾಗ ಬಿಸಿಲು ಇಳಿದಿತ್ತು. ಮನೆಯೊಳಗೆ ಹೆಂಗಸರು ಸಾಲಾಗಿ ಕೂತು ಸಕ್ಕರೆಯಿಲ್ಲದ ಕಾಫಿ ಗುಟುಕರಿಸುತ್ತಿದ್ದರು. ಆಗ ಕೋಲು ಊರಿಕೊಂಡ ಮುದುಕಿಯೊಬ್ಬಳು ಬಾಗಿಲಿಗೆ ಬಂದು ನಿಂತಳು.

“ಬದೀರ್ ಮನೆ ಇದೇನಾ? ಎಲ್ಲಿ ಅವನು? ಜಗಳ ಆಡಬೇಕು ಅಂತ ಝಗಾಜೀಗ್‌ನಿಂದ ಬಂದಿದ್ದೀನಿ.” ಅಷ್ಟು ಹೇಳಿದ ಮೇಲೆ ಕಪ್ಪು ಬಟ್ಟೆಗಳು ಕಣ್ಣಿಗೆ ಬಿದ್ದವು.

ಆಚೆ ದಡದಿಂದಲೇ ಮರಳಿದ್ದ ರಬಾಬ್ ಎದ್ದು ಅವಳ ಕೈ ಹಿಡಿದಳು. “ಬೆಳಗಿನ ಜಾವ ತೀರ್ಕೊಂಡ್ರು, ಅಮ್ಮಾ. ಈಗಷ್ಟೇ ಮಣ್ಣು ಮಾಡಿ ಬಂದ್ರು.”

ಮುದುಕಿ ಕುರ್ಚಿಯ ಮೇಲೆ ಕುಸಿದಳು. ಕೋಲನ್ನು ಮಡಿಲಿಗೆ ಅಡ್ಡಲಾಗಿ ಇಟ್ಟುಕೊಂಡಳು. ಆಮೇಲೆ, “ಐವತ್ತಾರು ವರ್ಷ ಕಾದೋನಿಗೆ ಇನ್ನೊಂದು ದಿನ ಕಾಯಕ್ಕಾಗ್ಲಿಲ್ವಾ?” ಎಂದಳು.

ಹೆಸರು ಝಕಿಯಾ. ಹಳೆಯ ಗಲ್ಲಿಯಲ್ಲಿ ಅವಳ ಮನೆ ಬದೀರ್‌ನ ಮನೆಗೆ ಗೋಡೆಗೆ ಗೋಡೆ. ಮೊಮ್ಮಗಳು ಇದೇ ಊರಲ್ಲಿ ಕಾಲೇಜಿಗೆ ಸೇರಿದ್ದಳು. ಫೆರಿಯಲ್ಲಿ ಪುಸ್ತಕ ಕೊಂಡು, ರಜೆಗೆ ಹೋದಾಗ ಓದಿ ಹೇಳಿದ್ದಳು. ಕೊನೆಯ ಪುಟದಲ್ಲಿ ವಿಳಾಸವಿತ್ತು.

“ಸುಳ್ಳು ಬರೆದಿದ್ದಾನೆ,” ಎಂದು ಝಕಿಯಾ ಚೀಲದಿಂದ ಪುಸ್ತಕ ತೆಗೆದಳು. “ನಾವು ಹೊರಟ ದಿನ ನಮ್ಮಣ್ಣ ಪಾರಿವಾಳ ಎಲ್ಲಾ ಬಿಟ್ಟುಬಿಟ್ಟನಂತೆ, ಅವು ಗಲ್ಲಿ ಮೇಲೆ ಸುತ್ತು ಹೊಡೀತಿದ್ವಂತೆ. ಎಲ್ಲಿಂದ ಹೊಡೀತವೆ? ಹಿಂದಿನ ದಿನಾನೇ ನಮ್ಮಮ್ಮ ಎಲ್ಲಾನೂ ಕುಯ್ದು, ಗೋಧಿನುಚ್ಚು ತುಂಬಿ ಬೇಯಿಸಿ ಗಲ್ಲಿಗೆಲ್ಲ ಹಂಚಿದ್ಲು. ಬದೀರ್ ಎರಡು ತಿಂದ. ಬೆರಳು ನೆಕ್ಕಿದ. ತಿಂದಾದ್ಮೇಲೆ ಖಾಲಿ ಗೂಡು ನೋಡಿದ.”

ಇನ್ಶಿರಾಹ್ ಕಣ್ಣೊರೆಸುತ್ತಿದ್ದ ಕೈ ನಿಲ್ಲಿಸಿದಳು. “ಅದಕ್ಕೇನೇ! ನಲವತ್ತು ವರ್ಷ, ನಾನು ಪಾರಿವಾಳ ಮಾಡಿದ ದಿನ ಹಲ್ಲುನೋವು ಅಂತ ತಟ್ಟೆ ಸರಿಸೋರು. ನನ್ನ ಕೈರುಚಿ ಸರಿ ಇಲ್ಲ ಅಂದ್ಕೊಂಡಿದ್ದೆ.” ಅವಳಿಗೆ ನಗು ಬಂತು. ತಡೆಯಲು ಹೋದಷ್ಟೂ ಬಂತು.

“ನಾನು ಅಳ್ತಾ ಇದ್ದೆ ಅಂತಾನೂ ಬರೆದಿದ್ದಾನೆ,” ಝಕಿಯಾ ಬಿಡಲಿಲ್ಲ. “ಅತ್ತೋನು ಅವನು. ನಮ್ಮ ಲಾರಿ ಹಿಂದೆ ಚಪ್ಪಲಿ ಇಲ್ದೆ ಓಡಿ ಬಂದ. ಯಾವೂರಿಗೆ, ಯಾವೂರಿಗೆ ಅಂತ ಕೂಗ್ತಾ ಇದ್ದ. ನಮಗೇ ಗೊತ್ತಿರ್ಲಿಲ್ಲ, ಏನು ಅಂತ ಹೇಳೋದು?”

ಝಕಿಯಾ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡಳು.

“ತಿದ್ದಿಸಬೇಕು ಅಂತ ಬಂದೆ. ಈಗ ಯಾರು ತಿದ್ದುತಾರೆ?”

ರಬಾಬ್ ಪೆನ್ನು ತಂದು ಅವಳ ಕಾಲ ಬಳಿ ನೆಲದ ಮೇಲೆ ಕುಳಿತಳು. “ಯಾವ ಪುಟ ಅಮ್ಮಾ?”

“ನಂಗೇನು ಗೊತ್ತು? ಓದಕ್ಕೆ ಬಂದಿದ್ರೆ ಹೇಳ್ತಿದ್ದೆ. ಪಾರಿವಾಳ ಅಂತ ಎಲ್ಲಿದೆಯೋ ನೋಡು.”

ರಬಾಬ್‌ಗೂ ಗೊತ್ತಿರಲಿಲ್ಲ. ಮೊದಲನೆಯ ಪುಟ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟು ಹುಡುಕತೊಡಗಿದಳು. ಕೆಲವು ಪುಟಗಳಾದ ಮೇಲೆ ಅವಳ ಬೆರಳು ನಿಧಾನವಾಯಿತು. ಬಂದವರು ಎದ್ದು ಹೋದರು, ಬೇರೆಯವರು ಬಂದು ಕೂತರು, ಅವಳು ತಲೆಯೆತ್ತಲಿಲ್ಲ. ಝಕಿಯಾ ಅವಸರ ಮಾಡಲಿಲ್ಲ. ಎಪ್ಪತ್ತೊಂದನೇ ಪುಟದಲ್ಲಿ ಪಾರಿವಾಳಗಳು ಸಿಕ್ಕವು.

“ಹೇಳಿ,” ಎಂದಳು ರಬಾಬ್.

ಮುದುಕಿ ಹೇಳುತ್ತ ಹೋದಳು. ಗೋಧಿನುಚ್ಚು, ಗೂಡು, ಚಪ್ಪಲಿಯಿಲ್ಲದ ಕಾಲು, ಲಾರಿಯ ಹಿಂದಿನ ಧೂಳು. ಅಪ್ಪನ ಅಚ್ಚಿನ ಸಾಲುಗಳ ಪಕ್ಕದ ಖಾಲಿ ಅಂಚಿನಲ್ಲಿ ರಬಾಬ್ ಸಣ್ಣ ಅಕ್ಷರದಲ್ಲಿ ಬರೆದಳು. ಆ ಬದಿ ತುಂಬಿತು. ಝಕಿಯಾ ಇನ್ನೂ ಹೇಳುತ್ತಲೇ ಇದ್ದಳು. ರಬಾಬ್ ಪುಸ್ತಕವನ್ನು ಅಡ್ಡಕ್ಕೆ ತಿರುಗಿಸಿ, ಮೇಲಿನ ಅಂಚಿನಲ್ಲಿ ಬರೆಯತೊಡಗಿದಳು.