ಉಣ್ಣುವಾಗ ಅಂದ ಹೂಂ

ಜಮಖಂಡಿಯ ಕಾಲೇಜಿನಲ್ಲಿ ಸಂಶೋಧನೆಗೆ ಸೇರಿದಾಗ ನನಗೊಂದು ಹುಚ್ಚು ನಂಬಿಕೆಯಿತ್ತು. ಅಚ್ಚಾದದ್ದನ್ನೆಲ್ಲ ಯಾರೋ ತಿಳಿದವರು ತೂಗಿ ನೋಡಿಯೇ ಅಚ್ಚು ಹಾಕಿಸಿರುತ್ತಾರೆ ಅಂತ. ನನ್ನ ವಿಷಯ ನಮ್ಮ ಭಾಗದ ಕುರಿಗಾರರ ವಲಸೆ, ಅಂದರೆ ನಮ್ಮ ಮನೆತನದ್ದೇ ಕಸುಬು. ಬನಹಟ್ಟಿಯ ಅಂಚಿನಲ್ಲಿ ನಮ್ಮ ಮನೆ. ಮುಂಗಾರು ಬಿತ್ತನೆ ಮುಗಿದರೆ ಯಲ್ಲಾಲಿಂಗ ಕಾಕಾ ಹಿಂಡು ಹೊಡೆದುಕೊಂಡು ಬೀಳಗಿ ಕಡೆಯ ಗಾಯರಾಣಕ್ಕೆ ಹೋಗುತ್ತಿದ್ದ. ಈಚೆಗೆ ಎತ್ತ ನೋಡಿದರೂ ಕಬ್ಬು. ಸರಕಾರದ ಆ ಮೇವಿನ ನೆಲ ಬಿಟ್ಟರೆ ಮಳೆಗಾಲದಲ್ಲಿ ನಮ್ಮ ಕುರಿ ನಿಲ್ಲಲು ಬೇರೆ ಜಾಗವಿರಲಿಲ್ಲ.

ಆದರೆ ನಾನು ಓದಿದ ಲೇಖನಗಳೆಲ್ಲ ಒಂದೇ ರಾಗ ಎಳೆದವು. ಕಬ್ಬು ಬಂದ ಮೇಲೆ ಇಲ್ಲಿನವರು ವಲಸೆ ಬಿಟ್ಟಿದ್ದಾರೆ, ಗಾಯರಾಣಗಳು ಖಾಲಿ ಬಿದ್ದಿವೆ. ಓದಿ ನಕ್ಕೆ. ಹಿಂದಿನ ವಾರವಷ್ಟೇ ಆ ಖಾಲಿ ಜಾಗದಲ್ಲಿ ಕಾಕಾನಿಗೆ ಬುತ್ತಿ ಕೊಟ್ಟು, ಕುರಿಹಾಲಿನ ಚಹಾ ಕುಡಿದು ಬಂದಿದ್ದೆ.

ಅದೇ ಗಾಯರಾಣವನ್ನು ಸೋಲಾರ್ ಕಂಪನಿಗೆ ಕೊಡುತ್ತಾರೆಂಬ ಸುದ್ದಿ ಬಂದಾಗ ನಗು ನಿಂತಿತು. ಯೋಜನೆಯ ವರದಿಯಲ್ಲಿ ಅದೇ ಮಾತು, ಕೆಳಗೆ ಆಧಾರವೆಂದು ಅದೇ ಲೇಖನಗಳು. ತಕರಾರು ಕೊಡಲು ಹೋದರೆ ತಾಲೂಕು ಕಚೇರಿಯವರು ಅಚ್ಚಾದ ಸಂಶೋಧನೆ ಏನಾದರೂ ಇದ್ದರೆ ತನ್ನಿರಿ ಎಂದರು. ನಾನು ತೆಗೆದ ಫೋಟೋಗಳನ್ನು ಅವರು ಸರಿಯಾಗಿ ನೋಡಲೂ ಇಲ್ಲ.

ನನ್ನ ಮಾರ್ಗದರ್ಶಕರು ಚನಮಲ್ಲಪ್ಪ ಸರ್. ಒಳ್ಳೆಯವರು, ಆದರೆ ತುಸು ಅಂಜುಬುರುಕರು. ಒಂದೇ ಬಾವಿಯ ನೀರು ಕುಡಿಯಬೇಡ, ಬೇರೆ ಬೇರೆ ಕಡೆಯ ಆಧಾರ ಹುಡುಕು ಎಂದರು. ಹುಡುಕಿದೆ. ಧಾರವಾಡದ ಲೇಖಕ ಪುಣೆಯವರನ್ನು ತೋರಿಸಿದ್ದ, ಪುಣೆಯವರು ದಿಲ್ಲಿಯವರನ್ನು, ದಿಲ್ಲಿಯವರು ಮತ್ತೆ ಧಾರವಾಡದ ಇನ್ನೊಬ್ಬರನ್ನು. ಒಬ್ಬರಾದರೂ ಗಾಯರಾಣಕ್ಕೆ ಕಾಲಿಟ್ಟಿರಲಿಲ್ಲ. ಕೊನೆಗೆ ಎಲ್ಲವೂ ಬಂದು ನಿಂತದ್ದು ಒಂದೇ ಹಳೆಯ ಲೇಖನದ ಒಂದು ಅಡಿಟಿಪ್ಪಣಿಯ ಮುಂದೆ. ಅಲ್ಲಿ ಹೀಗಿತ್ತು: ಬನಹಟ್ಟಿಯ ಹಿರಿಯ ಕುರಿಗಾರ ಗಿರಮಲ್ಲಪ್ಪ ಅವರ ಹೇಳಿಕೆ.

ಗಿರಮಲ್ಲಪ್ಪ ಅಂದರೆ ನಮ್ಮಜ್ಜ.

ಮನೆಗೆ ಬಂದಾಗ ಅಜ್ಜ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದ. ಸಿಟ್ಟಿನಿಂದಲೇ ಕೇಳಿದೆ. ಅವನಿಗೆ ನೆನಪಿತ್ತು. ದೂರದಿಂದ ಬಂದ ಸರ್, ಹಸಿದಿದ್ದರು, ಆಯಿ, ಅಂದರೆ ನಮ್ಮಜ್ಜಿ, ರೊಟ್ಟಿ ಜುಣಕ ಬಡಿಸಿದ್ದಳು. ಉಣ್ಣುತ್ತಲೇ ಅವರು, ಈಗ ನೀವ್ಯಾರೂ ಗಾಯರಾಣದ ಕಡೆ ಹೋಗುವುದಿಲ್ಲ ಅಲ್ಲವೇ ಎಂದು ಕೇಳಿದ್ದರಂತೆ.

"ಉಣ್ಣಾಕ ಕುಂತ ಮನಷ್ಯಾಗ ಅಲ್ಲ ಅಂತ ಹ್ಯಾಂಗ ಅನ್ನೂದವಾ? ಹೂಂ ಅಂದ್ನಿ. ಕೈ ತೊಳಕೊಂಡ ಮ್ಯಾಲ ಹೇಳಿದ್ರಾತು ಅಂತ ಸುಮ್ಮನಾದ್ನಿ."

ಇದು ನಮ್ಮ ಮನೆಯ ರೀತಿ. ತಾಟಿನ ಮುಂದೆ ಕೂತವರ ಮಾತನ್ನು ಯಾರೂ ಕಡಿಯುವುದಿಲ್ಲ, ಜಗಳವಾದರೂ ಊಟವಾದ ಮೇಲೆಯೇ. ಆ ಸರ್ ಕೈ ತೊಳೆದವರೇ ತೇರದಾಳದ ಬಸ್ಸು ಬಂತೆಂದು ಓಡಿದ್ದರು. ಅಜ್ಜನ ಹೂಂ ಅವರ ಜೊತೆ ಬಸ್ಸು ಹತ್ತಿತು, ಅದರ ಮುಂದಿನ ಮಾತು ಕಟ್ಟೆಯ ಮೇಲೆ ಉಳಿಯಿತು. ಮೊದಲೇ ಅವನೆದುರು ಕೂತು ಕೇಳಬಹುದಿತ್ತು. ಊರೂರಿನ ಆಧಾರ ತಿರುವಿ ಹಾಕಿದವಳು ಮನೆಯ ಕಟ್ಟೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ.

ಇದನ್ನೆಲ್ಲ ಬರೆದರೆ ಅಜ್ಜ ಎಲ್ಲರೆದುರು ಸುಳ್ಳನಾಗುತ್ತಾನೆಂದು ಹಿಂಜರಿದೆ. ಅವನೇ ಬಿಡಲಿಲ್ಲ.

"ನಾ ಸುಳ್ಳ ಹೇಳಿದ್ನಿ ಅಂತನ ಬರಿ. ನಂದೇನ ಹೋಗೂದೈತಿ. ಕುರಿ ನಿಲ್ಲೂ ನೆಲಾ ಉಳದರ ಸಾಕು."

ಬರೆದೆ. ಮೊದಲ ಪತ್ರಿಕೆಯ ಸಂಪಾದಕ ಮಂಡಳಿಯಲ್ಲಿ ಆ ಹಳೆಯ ಲೇಖನದ ಸರ್ ಇದ್ದರು. ಪ್ರಕಟಿತ ಸಂಶೋಧನೆಗಳೆಲ್ಲ ಬೇರೆಯೇ ಹೇಳುತ್ತಿವೆ ಎಂದು ಬರಹ ತಿರುಗಿ ಬಂತು. ಇನ್ನೊಂದು ಪತ್ರಿಕೆಯವರಿಗೆ ಕನ್ನಡದ ಬಾಯಿಮಾತು ಸಾಲಲಿಲ್ಲ, ಇಂಗ್ಲಿಷಿನ ಆಧಾರ ಬೇಕಿತ್ತು. ಮತ್ತೊಂದು ಪತ್ರಿಕೆಯವರು ಇದು ಒಂದು ಮನೆಯ ಸಂಗತಿ ಎಂದರು. ಆ ಏಳೆಂಟು ಲೇಖನಗಳೂ ಅದೇ ಒಂದು ಮನೆಯ ಮೇಲೆ ನಿಂತಿವೆ ಎಂದು ಉತ್ತರ ಬರೆದೆ. ಆದರೂ ಅವರು ಲೇಖನ ಹಾಕಲಿಲ್ಲ. ಚನಮಲ್ಲಪ್ಪ ಸರ್ ತಮ್ಮ ಹೆಸರನ್ನೂ ಜೊತೆಗೆ ಹಾಕುತ್ತೇನೆಂದರು, ನಾಲ್ಕು ದಿನ ಬಿಟ್ಟು ಬೇಡ ಎಂದರು. ನನ್ನ ಪ್ರಬಂಧ ಪರೀಕ್ಷೆಗೆ ಆ ಹಳೆಯ ಲೇಖನದವರ ಕೈಗೇ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಅವರ ಮೇಲೆ ಸಿಟ್ಟಾಗಲು ನನಗೆ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಗಾಯರಾಣದ ಸುತ್ತ ಕಂಪನಿಯ ತಂತಿಬೇಲಿ ಬಂತು. ಕಾಕಾ ಒಂದು ಮಳೆಗಾಲ ರಸ್ತೆಬದಿಯಲ್ಲಿ ಕುರಿ ಮೇಯಿಸಿ, ಕಬ್ಬಿನವರ ಬೈಗುಳ ತಿಂದು, ಸಾಕಾಗಿ ಹಿಂಡು ಮಾರಿದ. ಈಗ ಬನಹಟ್ಟಿಯ ಪವರ್‌ಲೂಮಿನಲ್ಲಿ ಇದ್ದಾನೆ. ಸಂಜೆ ಬಂದಾಗ ಮಗ್ಗದ ಸದ್ದು ಇನ್ನೂ ಕಿವಿಯಲ್ಲೇ ಇರುತ್ತದೆ, ಎರಡು ಸಲ ಕರೆದರೇ ತಿರುಗುತ್ತಾನೆ.

ಕೊನೆಗೊಂದು ಸಣ್ಣ ಪತ್ರಿಕೆ ನನ್ನ ಲೇಖನ ಒಪ್ಪಿತು. ಸಂಪಾದಕಿ ರಾಜಶ್ರೀ ಮೇಡಂ ಫೋನ್ ಮಾಡಿ, ಇಷ್ಟು ದಿನ ಯಾರೂ ಇದನ್ನು ಹಾಕಲಿಲ್ಲವೇ ಎಂದು ನೊಂದುಕೊಂಡರು. ಅಚ್ಚಿಗೆ ಹೋಗುವ ಮುಂಚೆ ಒಂದು ವಾಕ್ಯ ಖಚಿತಪಡಿಸಿ ಎಂದರು, ಈ ವರ್ಷವೂ ಅಲ್ಲಿಗೆ ಕುರಿ ಹೋಗುತ್ತಿವೆ ತಾನೇ? ನಾಳೆ ಹೇಳುತ್ತೇನೆಂದೆ.

ಅಜ್ಜ ಉಣ್ಣುತ್ತಿದ್ದ. ಮೇಡಂ ಕೇಳಿದ್ದನ್ನು ಹೇಳಿದೆ. ಅವನು ರೊಟ್ಟಿ ಮುಗಿಸಿ, ತಾಟು ಸರಿಸಿ, ಅಂಗಳಕ್ಕೆ ಹೋಗಿ ಕೈ ತೊಳೆದು ಬಂದು ನನ್ನ ಎದುರು ಕೂತ.

"ಯಾರೂ ಹೋಗೂದಿಲ್ಲ ಅಂತ ಬರಿಯವಾ," ಎಂದ. "ಈಗ ಕೈ ತೊಳಕೊಂಡ ಹೇಳಾಕತ್ತೇನಿ. ಈಗ ಅದು ಖರೆ ಐತಿ."